ಕ್ಯಾಮೆರಾ ಎತ್ತುವ ಮುನ್ನ

ಮಳೆಗಾಲ ಬಂತೆಂದರೆ ಚಿಂಚೋಳಿ ಕಾಡಿನತ್ತ, ಚಂದ್ರಂಪಳ್ಳಿ ಜಲಾಶಯದತ್ತ ಜನ ಹೊರಡುತ್ತಾರೆ. ಕೊಡ್ಲಿ, ಚಿಂಚೋಳಿ ಸುತ್ತಮುತ್ತ ಲಂಬಾಣಿ ತಾಂಡಾಗಳಿವೆ. ಕನ್ನಡಿ ಹೊಲಿದ ಪೇಟಿಯಾ, ಕಾಂಚಳಿ ತೊಟ್ಟ ಅಜ್ಜಿಯೊಬ್ಬರು ಕಂಡರೆ ಸಾಕು, ವಾಹನ ನಿಲ್ಲುತ್ತದೆ. ಮಾತಿಗೆ ಮೊದಲೇ ಕ್ಯಾಮೆರಾ ಮೇಲೇಳುತ್ತದೆ. ಅಜ್ಜಿ ಮುಸುಕನ್ನು ಮುಖಕ್ಕೆ ಎಳೆದುಕೊಳ್ಳುತ್ತಾರೆ. ನಾಚಿಕೆಯೆಂದು ಬಂದವರು ನಗುತ್ತಾರೆ. ಆದರೆ ಅದು 'ಬೇಡ' ಎಂಬ ಉತ್ತರವೂ ಆಗಿರಬಹುದಲ್ಲ?

ಇಂಥ ಕಾಟ ಜಪಾನಿನಲ್ಲೂ ಇದೆ. ಕ್ಯೋಟೊ ನಗರದ ಗಿಯೊನ್ ಕೇರಿಯಲ್ಲಿ ಪ್ರವಾಸಿಗರು ಗೀಶಾ ಕಲಾವಿದೆಯರ ಬೆನ್ನುಹತ್ತಿ ಚಿತ್ರ ತೆಗೆಯುತ್ತಿದ್ದರು. 2019ರಲ್ಲಿ ನಿವಾಸಿಗಳು ಖಾಸಗಿ ಓಣಿಗಳಲ್ಲಿ ಚಿತ್ರ ತೆಗೆದರೆ 10,000 ಯೆನ್ ದಂಡವೆಂದು ಫಲಕ ಹಾಕಿದರು. ಅದಕ್ಕೂ ಬಗ್ಗದಿದ್ದಾಗ 2024ರಲ್ಲಿ ಆ ಓಣಿಗಳಿಗೆ ಪ್ರವಾಸಿಗರ ಪ್ರವೇಶವನ್ನೇ ನಿಷೇಧಿಸಿದರು.

ತಾಂಡಾಗಳಲ್ಲಿ ಅಂಥ ಫಲಕವಿಲ್ಲ. ಆದರೆ ಮನೆಯಂಗಳ ಅಲ್ಲಿಯೂ ಖಾಸಗಿಯೇ. 2023ರ ಜನವರಿಯಲ್ಲಿ ಸೇಡಂ ತಾಲ್ಲೂಕಿನ ಮಳಖೇಡದಲ್ಲಿ ಸಾವಿರಾರು ತಾಂಡಾ ಕುಟುಂಬಗಳಿಗೆ ಮನೆಯ ಹಕ್ಕುಪತ್ರ ಕೊಟ್ಟದ್ದು ಓದುಗರಿಗೆ ನೆನಪಿರಬಹುದು. ತಾಂಡಾ ಹೊಕ್ಕವರು ಮೊದಲು ನಾಯಕರನ್ನೋ ಕಾರಭಾರಿಯನ್ನೋ ಕಂಡು 'ರಾಮ್ ರಾಮ್' ಎನ್ನಬೇಕು. ಬಳಿಕ ಚಿತ್ರದಲ್ಲಿ ಬರುವವರನ್ನೇ ಕೇಳಬೇಕು. ತೀಜ್ ಹಬ್ಬದಲ್ಲಿ ಮದುವೆಯಾಗದ ಹುಡುಗಿಯರು ಬುಟ್ಟಿಗಳಲ್ಲಿ ಗೋಧಿ ಸಸಿ ಬೆಳೆಸಿ ಹಾಡುತ್ತಾರೆ. ಅವರ ಚಿತ್ರಕ್ಕೆ ತಂದೆತಾಯಿಯ ಒಪ್ಪಿಗೆಯೂ ಬೇಕು. ಇಂದು ತೆಗೆದ ಚಿತ್ರ ಸಂಜೆಯೊಳಗೆ ಸಾವಿರ ಮೊಬೈಲುಗಳಲ್ಲಿ ಇರುತ್ತದೆ.

ಲಂಬಾಣಿ ಉಡುಪು ನಾಟಕದ ವೇಷವಲ್ಲ. ಕೂದಲಿಗೆ ಕಟ್ಟುವ ಬೆಳ್ಳಿಯ ಘುಗರಿ ಮುತ್ತೈದೆಯ ಗುರುತು. ಇದನ್ನರಿಯದೆ, ಸೀರೆ ಉಟ್ಟು ಕೂತ ವಿಧವೆಯೊಬ್ಬರಿಗೆ 'ಹಳೇ ಡ್ರೆಸ್ ಹಾಕ್ಕೊಂಡು ಬನ್ನಿ, ಒಂದು ಫೋಟೊ' ಎಂದರೆ ಎಂಥ ನೋವು! ಬಂದವರ ಬಟ್ಟೆಯೂ ಅಷ್ಟೇ ಮುಖ್ಯ. ನೀರಿಗಿಳಿದು ಬಂದ ಒದ್ದೆ ಚಡ್ಡಿಯಲ್ಲೇ ಮನೆಗಳ ನಡುವೆ ಅಡ್ಡಾಡಬಾರದು. ಮೈ ಮುಚ್ಚುವ ಹತ್ತಿಬಟ್ಟೆ ಬಿಸಿಲಿಗೂ ಒಳ್ಳೆಯದು, ಮುಳ್ಳುಕಂಟಿಗೂ ಒಳ್ಳೆಯದು. ಸೇವಾಲಾಲರ ಗುಡಿಯ ಮುಂದೆ ಚಪ್ಪಲಿ ಕಳಚಬೇಕು.

ಒಪ್ಪಿಗೆ ಸಿಕ್ಕರೂ ಫ್ಲ್ಯಾಶ್ ಬೇಡ. ಬೆಳಕು ಕನ್ನಡಿಗೆ ಯಾವ ಕೋನದಲ್ಲಿ ಬೀಳುತ್ತದೋ ಅದೇ ಕೋನದಲ್ಲಿ ಹಿಂದಿರುಗುತ್ತದೆ. ನೇರವಾಗಿ ಬಿದ್ದರೆ ನೇರ ಕ್ಯಾಮೆರಾಕ್ಕೇ ಬಂದು, ಚಿತ್ರದಲ್ಲಿ ಕಸೂತಿಯ ಬದಲು ಬಿಳಿ ಚುಕ್ಕೆಗಳಷ್ಟೇ ಉಳಿಯುತ್ತವೆ. ಮರದ ನೆರಳು ಅಥವಾ ಸಂಜೆಯ ಓರೆ ಬಿಸಿಲು ಸಾಕು.

ಕೊನೆಗೆ, ವಿಳಾಸ ಕೇಳಿಕೊಂಡು ಚಿತ್ರದ ಒಂದು ಪ್ರತಿ ಕಳುಹಿಸಬೇಕು. ಕೊಟ್ಟ ಮಾತು ಉಳಿಸಿಕೊಂಡವರನ್ನು ತಾಂಡಾ ಮರುವರ್ಷ ಹೆಸರು ಹಿಡಿದು ಕರೆಯುತ್ತದೆ.