ಸಂಗೀತ ಶಿಕ್ಷಕರಿಗೆ ನಮ್ಮ ಶಾಲೆಗಳಲ್ಲಿ ಜಾಗವಿದೆಯೇ?

ನಮ್ಮ ಇಗರ್ಜಿಗಳ ಗಾಯನ ಮಂಡಳಿಗಳಲ್ಲಿ ಕೀಬೋರ್ಡ್, ವಯಲಿನ್ ನುಡಿಸುವ ಯುವಜನರಿದ್ದಾರೆ. ಕೆಲವರು ಲಂಡನ್‌ನ ಟ್ರಿನಿಟಿ ಕಾಲೇಜಿನ ಎಂಟನೇ ಗ್ರೇಡ್‌ವರೆಗೂ ಪಾಸಾಗುತ್ತಾರೆ. ಆದರೆ ಶಾಲೆಯಲ್ಲಿ ಸಂಗೀತ ಕಲಿಸಬಯಸುವವರಿಗೆ ಹೆಚ್ಚಾಗಿ ಸಿಗುವುದು ವಾರ್ಷಿಕೋತ್ಸವದ ತಯಾರಿ, ಅಲ್ಪ ಗೌರವಧನ. ಅದರಿಂದ ಸಂಸಾರ ನಡೆಯದು. ಮದುವೆ ಬ್ಯಾಂಡ್ ಇಲ್ಲವೇ ಗಲ್ಫ್ ಉದ್ಯೋಗವೇ ಗತಿ.

ಕಥೋಲಿಕ ಶಾಲೆಗಳಲ್ಲಿ ಸಂಗೀತ ಬೋಧನೆಗೆ ಮಹತ್ವ ನೀಡಬೇಕೆಂದು ಎರಡನೇ ವ್ಯಾಟಿಕನ್ ಮಹಾಸಭೆಯು 1963ರಲ್ಲೇ ದೈವಾರಾಧನೆಯ ಕುರಿತ ದಾಖಲೆಯಲ್ಲಿ ಹೇಳಿದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಕಲೆಯನ್ನು ಪಠ್ಯೇತರವೆಂದು ಬದಿಗಿಡಬಾರದು ಎಂದಿದೆ. ಆದರೆ ವೇಳಾಪಟ್ಟಿಯಲ್ಲಿ ಸಂಗೀತದ ಪೀರಿಯಡ್ ಇಲ್ಲದೆ ಹುದ್ದೆಯೂ ಹುಟ್ಟದು.

ಒಂದೇ ಶಾಲೆಗೆ ಪೂರ್ಣ ಸಂಬಳ ಹೊರೆಯಾದರೆ ನೆರೆಯ ಎರಡು ಮೂರು ಶಾಲೆಗಳು ಸೇರಿ ಒಬ್ಬರನ್ನು ನೇಮಿಸಬಹುದು. ಇಗರ್ಜಿ ಬೆಳೆಸಿದ ಪ್ರತಿಭೆಯನ್ನು ಶಾಲೆ ಉಳಿಸಿಕೊಳ್ಳಲಿ ಎಂಬುದೇ ಆಡಳಿತ ಮಂಡಳಿಗಳಲ್ಲಿ ನಮ್ಮ ವಿನಂತಿ.