ಬೀಡಿಗೆ ಪುಸ್ತಕ ಉಂಟು, ಟೋಪಿಗೆ ಇಲ್ಲ

ನಮ್ಮ ಪಕ್ಕದ ಮನೆಯ ಹುಡುಗಿ ಡಿಗ್ರಿ ಎರಡನೇ ವರ್ಷ. ಕಳೆದ ರಮಝಾನ್‌ಗೆ ಮೊದಲು ಕ್ರೋಶಾದಲ್ಲಿ ಆರು ಟೋಪಿ ಹೆಣೆದು ಪೇಟೆಯ ಅಂಗಡಿಯೊಂದಕ್ಕೆ ತೆಗೆದುಕೊಂಡು ಹೋಗಿದ್ದಳು. ಬಿಳಿ ಹತ್ತಿ ನೂಲು, ನೆತ್ತಿಯಲ್ಲಿ ಎಂಟು ಎಸಳಿನ ಹೂ, ಅಂಚಿಗೆ ಸಣ್ಣ ಸಣ್ಣ ಕಮಾನು. ಅಂಗಡಿಯವರು ತಿರುಗಿಸಿ ಮುರುಗಿಸಿ ನೋಡಿ, "ಕೆಲಸ ಚಂದ ಉಂಟು" ಎಂದರಂತೆ. ರೇಟು ಮಾತ್ರ ಒಂದಕ್ಕೆ 120 ರೂಪಾಯಿ. "ಮನೆಯಲ್ಲಿ ಸುಮ್ನೆ ಕೂತು ಮಾಡುವುದಲ್ವಾ? ಟೈಮ್‌ಪಾಸೂ ಆಯಿತು, ಕೈಖರ್ಚಿಗೂ ಆಯಿತು" ಎಂದು ಸೇರಿಸಿದರು. ಅವಳು ಆರನ್ನೂ ಕೊಟ್ಟು ಬಂದಳು.

ಆ 'ಸುಮ್ನೆ ಕೂತು' ಎಂಬ ಮಾತು ನನಗೆ ಸರಿ ಬರಲಿಲ್ಲ. ಮುಂದಿನ ಟೋಪಿ ಶುರು ಮಾಡುವಾಗ ಗಂಟೆ ಬರೆದಿಡಲಿಕ್ಕೆ ಹೇಳಿದೆ. ನಡುವೆ ಎದ್ದು ಅನ್ನಕ್ಕೆ ಇಟ್ಟದ್ದು, ತಮ್ಮನಿಗೆ ಚಾ ಮಾಡಿದ್ದು, ಒಂದು ಸುತ್ತು ತಪ್ಪಿ ಬಿಚ್ಚಿದಾಗ ಬೇಜಾರಾಗಿ ಫೋನ್ ಹಿಡಿದದ್ದು, ಇದೆಲ್ಲ ಬಿಟ್ಟು ಬರೀ ಹೆಣೆದ ಹೊತ್ತು ಲೆಕ್ಕ ಹಾಕಿದರೆ ಒಂಬತ್ತು ಗಂಟೆ. ನೂಲಿಗೆ 40 ರೂಪಾಯಿ ಕಳೆದರೆ ಕೈಗೆ ಉಳಿದದ್ದು 80. ಗಂಟೆಗೆ 9 ರೂಪಾಯಿಯೂ ಬೀಳಲಿಲ್ಲ. ಹೋಟೆಲಿನಲ್ಲಿ ಒಂದು ಚಾ ಕುಡಿಯಬೇಕಾದರೆ ಅವಳು ಎರಡು ಗಂಟೆ ಹೆಣೆಯಬೇಕು.

ನನ್ನ ಉಮ್ಮ ಬೀಡಿ ಕಟ್ಟಿದವರು. ಓದುಗರಲ್ಲಿ ಹೆಚ್ಚಿನವರ ಮನೆಯಲ್ಲಿಯೂ ಒಬ್ಬರಾದರೂ ಕಟ್ಟಿದವರು ಇರುತ್ತಾರೆ. ಮಡಿಲಲ್ಲಿ ತಡ್ಪೆ, ಪಕ್ಕದಲ್ಲಿ ನೆನೆಸಿದ ಎಲೆ, ಕತ್ತರಿ, ನೂಲಿನ ಉಂಡೆ. ಅದೂ ಕೊನೆಗೆ ನೂಲಿನ ಕೆಲಸವೇ ಅನ್ನಿ. ಆ ಕೆಲಸವನ್ನು ಹೊಗಳಲಿಕ್ಕೆ ನಾನು ಬರುವುದಿಲ್ಲ. ಹೊಗೆಸೊಪ್ಪಿನ ಧೂಳು ಕುಡಿದ ಎದೆ, ಬಗ್ಗಿ ಬಗ್ಗಿ ಸೋತ ಸೊಂಟ ಏನೆಂದು ಕಣ್ಣಾರೆ ನೋಡಿದ್ದೇನೆ. ಆದರೆ ಉಮ್ಮಾನ ಹತ್ತಿರ ಒಂದು ಪುಸ್ತಕ ಇತ್ತು. ಯಾವ ದಿನ ಎಷ್ಟು ಬೀಡಿ, ಎಷ್ಟು ಎಲೆ, ಎಷ್ಟು ಸೊಪ್ಪು, ಎಲ್ಲ ಅದರಲ್ಲಿ ಬರೆದಿರುತ್ತಿತ್ತು. ಸಾವಿರ ಬೀಡಿಗೆ ಇಷ್ಟು ಎಂದು ಕನಿಷ್ಠ ಕೂಲಿಯನ್ನು ಸರಕಾರವೇ ನಿಗದಿ ಮಾಡುತ್ತದೆ. 1966ರಲ್ಲಿ ಬೀಡಿ ಕಾರ್ಮಿಕರಿಗಾಗಿಯೇ ಒಂದು ಕಾಯ್ದೆ ಬಂತು, 1976ರಲ್ಲಿ ಕಲ್ಯಾಣ ನಿಧಿಯ ಕಾಯ್ದೆ ಬಂತು. ಪಿಎಫ್ ಉಂಟು, ಯೂನಿಯನ್ ಉಂಟು. ಬ್ರಾಂಚಿನಲ್ಲಿ ಬೀಡಿ ಆರಿಸಿ ಬಿಸಾಡಿದರೆ ಎದುರು ನಿಂತು ಜಗಳ ಮಾಡುವಷ್ಟು ಧೈರ್ಯ ಆ ಪುಸ್ತಕ ಕೊಡುತ್ತಿತ್ತು. ಕಾನೂನು ಹೇಳಿದ್ದೆಲ್ಲ ಎಲ್ಲರಿಗೂ ಸಿಕ್ಕಿದೆ ಎಂದಲ್ಲ. ಕೇಳಲಿಕ್ಕೆ ಒಂದು ಜಾಗ ಇತ್ತು, ಅಷ್ಟೆ.

ಅದೇ ಉಮ್ಮ ರಾತ್ರಿ ಕೂತು ತಲೆದಿಂಬಿನ ಕವರಿಗೆ ಕಸೂತಿ ಹಾಕುತ್ತಿದ್ದರು. ಮಕ್ಕಳ ಟೋಪಿ, ಮೇಜಿನ ಹೊದಿಕೆ, ನೆಂಟರ ಮಗುವಿಗೆ ಉಲ್ಲನ್ ಸ್ವೆಟರ್. ಕೇಳಿದವರಿಗೆಲ್ಲ ಮಾಡಿ ಕೊಟ್ಟರು. ಎಷ್ಟು ಮಾಡಿರಬಹುದು ಉಮ್ಮ ಎಂದು ಮೊನ್ನೆ ಕೇಳಿದೆ. "ಅದೆಲ್ಲ ಯಾರು ಲೆಕ್ಕ ಇಡ್ತಾರೆ, ಅದೊಂದು ಕೆಲಸವಾ?" ಅಂದರು. ಅಂಗಡಿಯವರ ಮಾತೇ ಉಮ್ಮಾನ ಬಾಯಿಯಲ್ಲಿ.

ಈಗ ಟೋಪಿಯ ಸಂಗತಿಗೆ ಬರುತ್ತೇನೆ. ಕಡ್ಡಿಯ ಹೆಣಿಗೆ ಬೇರೆ, ಕ್ರೋಶಾ ಬೇರೆ. ಎರಡು ಕಡ್ಡಿಯ ಹೆಣಿಗೆಯಲ್ಲಿ ಹತ್ತಾರು ಕುಣಿಕೆಗಳು ಸಾಲಾಗಿ ಕಡ್ಡಿಯ ಮೇಲೆ ಕೂತಿರುತ್ತವೆ. ಅದನ್ನು ಯಂತ್ರಕ್ಕೆ ಕಲಿಸುವುದು ಸುಲಭವಾಯಿತು. ಇಂಗ್ಲೆಂಡಿನ ವಿಲಿಯಂ ಲೀ 1589ರಲ್ಲೇ ಹೆಣೆಯುವ ಯಂತ್ರ ಮಾಡಿದ. ಕ್ರೋಶಾದಲ್ಲಿ ಕೊಕ್ಕೆ ಒಂದೇ, ಅದರ ಮೇಲೆ ಉಳಿಯುವ ಕುಣಿಕೆಯೂ ಹೆಚ್ಚಾಗಿ ಒಂದೇ. ಪ್ರತಿ ಹೊಲಿಗೆಯನ್ನು ಮುಗಿಸಿಯೇ ಮುಂದಿನದಕ್ಕೆ ಹೋಗಬೇಕು. ಕೊಕ್ಕೆ ಹಿಂದಿನ ಸುತ್ತಿನ ಯಾವ ತೂತಿಗೆ ಹೊಗಬೇಕೆಂದು ಬೆರಳೇ ಹುಡುಕಬೇಕು. ಇದನ್ನು ಯಂತ್ರದಿಂದ ಮಾಡಿಸುವ ಪ್ರಯೋಗಗಳು ನಡೆದಿವೆ, ಆದರೆ ಅಂಗಡಿ ತುಂಬುವಷ್ಟು ಮಾಡಿಕೊಡುವ ಯಂತ್ರ ಬಂದಿಲ್ಲ. ತಲೆಗೆ ಎಳೆದರೆ ಹಿಗ್ಗುವ ನೈಲಾನ್ ಬಲೆಯ ಟೋಪಿಗಳು ಯಂತ್ರದವು. ನೆತ್ತಿಯ ನಡುವೆ ಸಣ್ಣ ಉಂಗುರದಿಂದ ಶುರುವಾಗಿ, ಕಂಬ ಕಂಬವಾಗಿ ಸುತ್ತು ಸುತ್ತು ಬೆಳೆದದ್ದು ಕ್ರೋಶಾ. ಅಂಥ ಟೋಪಿಯೋ ಬ್ಯಾಗೋ 100 ರೂಪಾಯಿಗೆ ಎಲ್ಲಿಯಾದರೂ ತೂಗುತ್ತಿದ್ದರೆ, ಅದರ ಹಿಂದೆ ಕೈ ಇದೆಯೇ ಎಂದು ಕೇಳಬೇಕಾಗಿಲ್ಲ. ಇದೆ. ಆ ಕೈಗೆ ಎಷ್ಟು ಸಿಕ್ಕಿತು ಎಂಬುದೊಂದೇ ಪ್ರಶ್ನೆ.

ಈ ಪ್ರಶ್ನೆಯನ್ನು ಕೇಳಿದ ಒಬ್ಬ ಹೆಂಗಸು ಇದ್ದರು. ಜರ್ಮನಿಯ ಸಮಾಜಶಾಸ್ತ್ರಜ್ಞೆ ಮರಿಯಾ ಮೀಸ್. ಆಂಧ್ರದ ಗೋದಾವರಿ ತೀರದ ನರಸಾಪುರದಲ್ಲಿ ಕ್ರೋಶಾ ಲೇಸ್ ಮಾಡುವ ಹೆಂಗಸರ ಬಗ್ಗೆ ಅವರು ಬರೆದ ಪುಸ್ತಕ 1982ರಲ್ಲಿ ಬಂತು. ಅಲ್ಲಿಗೆ ಲೇಸ್ ತಂದವರು ಹತ್ತೊಂಬತ್ತನೇ ಶತಮಾನದ ಮಿಷನರಿಗಳು. ಕಾಲಕ್ರಮದಲ್ಲಿ ಅದು ವಿದೇಶಕ್ಕೆ ರಫ್ತಾಗುವ ದೊಡ್ಡ ವ್ಯಾಪಾರವಾಯಿತು. ವ್ಯಾಪಾರಿಗಳು ಮನೆ ಕಟ್ಟಿದರು. ಹೆಣೆಯುವವರು ಮಾತ್ರ 'ಮನೆಯಲ್ಲಿ ಕೂತ ಗೃಹಿಣಿಯರು', ಅವರ ಕೆಲಸ 'ಬಿಡುವಿನದು'. ದಿನಕ್ಕೆ ಆರೆಂಟು ಗಂಟೆ ಹೆಣೆದರೂ ಹೊಲದ ಕೂಲಿ ಹೆಂಗಸರಿಗೆ ಸಿಗುವುದಕ್ಕಿಂತ ಕಡಿಮೆ. ಹೊಲಕ್ಕೆ ಹೋಗದೆ ಮನೆಯೊಳಗೇ ಇರುವುದು ಮರ್ಯಾದೆ ಎಂದು ನಂಬಿದ ಮನೆಗಳ ಹೆಂಗಸರೂ ಅವರಲ್ಲಿ ಇದ್ದರು. ಆ ಮರ್ಯಾದೆಯ ಬೆಲೆಯನ್ನು ಅವರೇ ಕೊಟ್ಟರು. ನರಸಾಪುರದ ಲೇಸಿಗೆ ಈಗ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದೆ. ಒಳ್ಳೆಯದೇ. ಆದರೆ ಊರಿನ ಹೆಸರಿಗೆ ಸಿಕ್ಕಿದ ಮಾನ ಹೆಣೆಯುವವಳ ಕೈಗೂ ತಲುಪಬೇಕು.

ಅಷ್ಟು ದೂರ ಯಾಕೆ, ಕಾಸರಗೋಡಿಗೆ ಬನ್ನಿ. ತಳಂಗರೆಯ ಮಾಲಿಕ್ ದೀನಾರ್ ಮಸೀದಿಗೆ ಹೋಗದವರು ನಮ್ಮಲ್ಲಿ ಕಡಿಮೆ. ಅದೇ ತಳಂಗರೆಯ ಹೆಂಗಸರು ಮನೆಯಲ್ಲಿ ಕೂತು ಕೈಯಿಂದ ಹೊಲಿದ ಟೋಪಿಗಳು ಒಂದು ಕಾಲದಲ್ಲಿ ಗಲ್ಫಿಗೂ ಆಫ್ರಿಕಾಕ್ಕೂ ಹೋಗುತ್ತಿದ್ದವು. ತಳಂಗರೆ ಟೋಪಿ ಎಂದೇ ಹೆಸರು. ಯಂತ್ರದ ಅಗ್ಗದ ಟೋಪಿ ಬಂದ ಮೇಲೆ ಹೊಲಿಯುವವರು ಬೆರಳೆಣಿಕೆಗೆ ಇಳಿದರು. ಒಮಾನ್‌ನಲ್ಲಿ ದುಡಿದವರು ಅಲ್ಲಿನ 'ಕುಮ್ಮ' ಟೋಪಿ ನೋಡಿರುತ್ತೀರಿ. ಮೇಲೆ ಒಂದು ದುಂಡು ತುಂಡು, ಸುತ್ತಲೂ ಒಂದು ಪಟ್ಟಿ; ಎರಡರಲ್ಲೂ ಸೂಜಿಮೊನೆಯಷ್ಟು ಸಣ್ಣ ತೂತುಗಳು, ಪ್ರತಿ ತೂತಿನ ಸುತ್ತ ನೂಲು. ಕೈಯಿಂದ ಮಾಡಿದ ಒಂದು ಕುಮ್ಮಕ್ಕೆ ವಾರಗಳೇ ಬೇಕು, ಕುಸುರಿ ಹೆಚ್ಚಿದ್ದರೆ ತಿಂಗಳುಗಳು. ಅಲ್ಲಿಯೂ ಯಂತ್ರದ ಮಾಲು ಧಾರಾಳ ಸಿಗುತ್ತದೆ. ಆದರೂ ಕೈಯದ್ದಕ್ಕೆ ಹಲವು ಪಟ್ಟು ಹೆಚ್ಚು ಕೊಡುವವರು ಇದ್ದಾರೆ, ಕೊಟ್ಟು ಅದನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ನಮ್ಮಲ್ಲಿ? ಊರಿಗೆ ಬರುವಾಗ ಅಂಥದ್ದೊಂದು ಟೋಪಿ ತಂದವರನ್ನು ಹೊಗಳುತ್ತೇವೆ. ನೆರೆಮನೆಯ ಹುಡುಗಿಯ ಹತ್ತಿರ 20 ರೂಪಾಯಿಗೆ ಚರ್ಚೆ ಮಾಡುತ್ತೇವೆ.

ಹುಡುಗಿಯರಿಗೆ ಹೇಳಬೇಕಾದ ಮಾತೂ ಒಂದು ಉಂಟು. ಲಾಕ್‌ಡೌನ್‌ನಲ್ಲಿ ಯೂಟ್ಯೂಬ್ ನೋಡಿ ಕೊಕ್ಕೆ ಹಿಡಿದವರು ತುಂಬ ಮಂದಿ. ಅದರಲ್ಲಿ ಹೆಚ್ಚಿನವರು ಮಾಡುವುದು ಒಂದೇ ಕರಡಿ, ಒಂದೇ ಮೊಲ, ಒಂದೇ ಸೂರ್ಯಕಾಂತಿ. ಕಲಿಯಲಿಕ್ಕೆ ಅದು ಸಾಕು. ಆದರೆ ಇಡೀ ಲೋಕ ಮಾಡುವ ಕರಡಿಯನ್ನೇ ನೀವೂ ಮಾಡಿದರೆ ರೇಟು ಇಳಿಯದೆ ಇನ್ನೇನು? ಉತ್ತರ ಕರ್ನಾಟಕದ ಕಸೂತಿಯನ್ನು ನೋಡಿ. ಬಟ್ಟೆಯ ಎಳೆ ಎಣಿಸಿ ಹಾಕುವ ಕೆಲಸ ಅದು. ಗೆರೆ ಎಳೆದುಕೊಳ್ಳುವುದಿಲ್ಲ, ಗಂಟು ಹಾಕುವುದಿಲ್ಲ. ಗಂಟಿ, ಮುರ್ಗಿ, ನೇಯ್ಗೆ, ಮೆಂತ್ಯ ಎಂದು ನಾಲ್ಕೇ ಹೊಲಿಗೆ. ಅದರಲ್ಲೇ ಗೋಪುರ, ತೇರು, ಪಲ್ಲಕ್ಕಿ, ತುಳಸಿಕಟ್ಟೆ, ಆನೆ. ಆ ಹೆಂಗಸರು ಮನೆಬಾಗಿಲಿಂದ ಏನು ಕಂಡರೋ ಅದನ್ನೇ ಸೀರೆಗೆ ತಂದರು. ಅದಕ್ಕೇ ಅದು ಬೇರೆ ಎಲ್ಲಿಯದ್ದೂ ಅಲ್ಲ, ಅಲ್ಲಿಯದ್ದೇ.

ನಮ್ಮ ಬಾಗಿಲಿಂದ ಏನು ಕಾಣುತ್ತದೆ? ಮಂಗಳೂರು ಬಂದರಿನ ಝೀನತ್ ಬಕ್ಷ್ ಮಸೀದಿಯ ಮರದ ಕೆತ್ತನೆಯಲ್ಲಿ ಒಂದು ಪುಸ್ತಕ ತುಂಬುವಷ್ಟು ಹೂಬಳ್ಳಿಗಳಿವೆ. ಅಜ್ಜಿಯರ ಪೆಟ್ಟಿಗೆಯಲ್ಲಿ ಕುಪ್ಪಾಯ, ತುನಿ, ಯಲಸರ ಇನ್ನೂ ಇದ್ದರೆ ಒಮ್ಮೆ ತೆಗೆದು ಬೆಳಕಿಗೆ ಹಿಡಿದು ನೋಡಿ. ಅಂಚು ಹೇಗೆ ಮಡಚಿದ್ದಾರೆ, ಕೊರಳಿಗೆ ಎಂಥ ಹೊಲಿಗೆ ಹಾಕಿದ್ದಾರೆ ಎಂದು ಬರೆದುಕೊಳ್ಳಿ. ಚಾಪೆಯ ನೇಯ್ಗೆ, ಮೈಲಾಂಜಿಯ ಚಿತ್ತಾರ, ಮೀನುಬಲೆಯ ಕಣ್ಣು. ಬಲೆ ಕಟ್ಟುವವರ ಗಂಟು ಕಲಿತರೆ ಬ್ಯಾಗಿಗೆ ಅದಕ್ಕಿಂತ ಗಟ್ಟಿ ಕೆಲಸ ಇಲ್ಲ. ಪಕ್ಕದ ಮನೆಯವಳಿಗೆ ಝೀನತ್ ಬಕ್ಷ್ ಮಸೀದಿಯ ಕೆತ್ತನೆಯ ಫೋಟೊ ತೋರಿಸಿದೆ. ಒಂದು ವಾರ ಚೌಕುಳಿ ಪುಸ್ತಕದಲ್ಲಿ ಪೆನ್ಸಿಲ್ ಹಿಡಿದು ಕೂತಳು. ಮೂರು ಸಲ ಬಿಚ್ಚಿದಳು. ನಾಲ್ಕನೇ ಸಲ ಬಂದ ಬಳ್ಳಿ ಮರದ ಬಳ್ಳಿಯ ಹಾಗೆ ಇಲ್ಲ, ನೂಲಿನ ಬಳ್ಳಿಯ ಹಾಗೆಯೇ ಇದೆ. ಅವಳಿಗೆ ಅದನ್ನು ಕಂಡಾಗ ಆದ ಖುಷಿ ಆರು ಟೋಪಿ ಮಾರಿದಾಗ ನಾನು ನೋಡಿರಲಿಲ್ಲ.

ಈ ಖುಷಿಯೇ ಕೂಲಿ ಅಲ್ವಾ ಎಂದು ಕೇಳುವವರು ಇದ್ದಾರೆ. ಮನಸ್ಸಿಗೆ ನೆಮ್ಮದಿ, ಬೆರಳಿಗೆ ಕೆಲಸ, ಬೇಡದ ಮಾತು ಕಡಿಮೆ. ಇದಕ್ಕೆಲ್ಲ ದುಡ್ಡು ಕಟ್ಟಬೇಕಾ ಎಂದು. ಕೊಕ್ಕೆ ಹಿಡಿದವರಿಗೆ ನೆಮ್ಮದಿ ಸಿಗುವುದು ನಿಜ. ತಂಗಿಯ ಮಗುವಿಗೆ ಹೆಣೆದ ಟೋಪಿಗೆ ಯಾರೂ ಬಿಲ್ ಮಾಡುವುದಿಲ್ಲ, ಮಾಡಲೂಬಾರದು. ಆದರೆ ಕೊಟ್ಟದ್ದು ಬೇರೆ, ಮಾರಿದ್ದು ಬೇರೆ. ಡಾಕ್ಟರಿಗೂ ತನ್ನ ಕೆಲಸದಲ್ಲಿ ಖುಷಿ ಇರುತ್ತದೆ, ಫೀಸು ಬೇಡ ಎಂದು ನಾವು ಹೇಳಿದ್ದುಂಟಾ? ಖುಷಿಯ ಲೆಕ್ಕ ಹೆಂಗಸರ ಕೆಲಸಕ್ಕೆ ಮಾತ್ರ ಯಾಕೆ ಬರುತ್ತದೆ?

ಮಾಡಬಹುದಾದದ್ದು ಕಷ್ಟದ್ದೇನಲ್ಲ. ಹೆಣೆಯುವವರು ಗಂಟೆ ಬರೆದಿಡಬೇಕು. ಉಮ್ಮಂದಿರ ಬೀಡಿ ಪುಸ್ತಕದ ಹಾಗೆ ಒಂದು ನೋಟ್‌ಬುಕ್ ಸಾಕು: ತಾರೀಕು, ನೂಲಿನ ಖರ್ಚು, ಹೊತ್ತು, ಮಾರಿದ ರೇಟು. ಕೇಂದ್ರ ಜವಳಿ ಸಚಿವಾಲಯದ ಕರಕುಶಲ ವಿಭಾಗ 'ಪೆಹಚಾನ್' ಎಂಬ ಗುರುತಿನ ಚೀಟಿ ಕೊಡುತ್ತದೆ; ಕಸೂತಿ, ಕ್ರೋಶಾ ಮಾಡುವವರಿಗೂ ಅದು ಅನ್ವಯ. ಮೇಳ, ತರಬೇತಿ, ಸಾಲಕ್ಕೆ ಹೋಗುವಾಗ ಬೇಕಾಗುತ್ತದೆ. ನಮ್ಮ ಕಡೆಯಲ್ಲಿ ಎಷ್ಟು ಮಂದಿ ಮಾಡಿಸಿಕೊಂಡಿದ್ದಾರೆ ನಿಮ್ಮ ಮೊಹಲ್ಲಾದಲ್ಲಿ ವಿಚಾರಿಸಿ ನೋಡಿ. ಜಮಾಅತ್‌ಗಳು ಮದ್ರಸದ ಹಾಲನ್ನು ರಮಝಾನ್‌ಗೆ ಮೊದಲು ಎರಡು ದಿನ ಹೆಂಗಸರ ಮಾರಾಟಕ್ಕೆ ಬಿಟ್ಟುಕೊಟ್ಟರೆ ನಡುವಿನ ಅಂಗಡಿಯೇ ಬೇಡ. ಟೋಪಿ ಬೇಕಾದದ್ದು ಗಂಡಸರಿಗೆ, ಮಾಡುವವರು ಹೆಂಗಸರು, ಇಬ್ಬರೂ ಒಂದೇ ಮೊಹಲ್ಲಾದವರು. ಮಾಲು ಪೇಟೆಗೆ ಹೋಗಿ 300 ಆಗಿ ತಿರುಗಿ ಬರುವುದು ಯಾವ ಲೆಕ್ಕ ಮಾರಾಯ್ರೆ?

ಕೊಳ್ಳುವವರಿಗೆ ನನ್ನದೊಂದೇ ಕೋರಿಕೆ: ರೇಟು ಕೇಳುವ ಮೊದಲು ಎಷ್ಟು ಹೊತ್ತು ಹಿಡಿಯಿತು ಎಂದು ಕೇಳಿ.

ಬಳ್ಳಿಯ ಟೋಪಿಗೆ ಅವಳು 450 ರೂಪಾಯಿ ಇಟ್ಟಿದ್ದಾಳೆ. ಸಣ್ಣ ಚೀಟಿಯಲ್ಲಿ ತನ್ನ ಹೆಸರು, ಕೆಳಗೆ 'ಹನ್ನೊಂದು ಗಂಟೆ' ಎಂದು ಬರೆದು ನೂಲಿನಿಂದ ಕಟ್ಟಿದ್ದಾಳೆ. ಇದುವರೆಗೆ ಐದು ಮಾಡಿದ್ದಾಳೆ. ಎರಡು ಹೋಯಿತು. ಒಬ್ಬರು ನೋಡಿ, "ಇಷ್ಟು ರೇಟಾ?" ಎಂದು ಹಾಗೇ ಇಟ್ಟು ಹೋದರು. ಮೂರು ಟೋಪಿ ಅವಳ ಮೇಜಿನ ಮೇಲೆ ಉಂಟು. ನೋಟ್‌ಬುಕ್ಕನ್ನು ಉಮ್ಮ ಆಗಾಗ ಹೋಗಿ ಚೆಕ್ ಮಾಡಿ ಬರುತ್ತಾರೆ.