ಒರಸುವ ಮುನ್ನ: ಹಳೆಯ ರೇಡಿಯೋ ಮತ್ತು ಹೊಗೆಯ ಮಸಿ

ಕಾಳೀ ನದಿಯು ಕಡಲನ್ನು ಕೂಡುವ ಎಡೆಯಲ್ಲಿ, ಕಾರವಾರ ನಗರದ ಉತ್ತರಕ್ಕೆ ಆಚೆಯ ದಡದಲ್ಲಿ, ದೇವಬಾಗವೆಂಬ ಮರಳುನೆಲವಿದೆ. ಒಂದು ಮಗ್ಗುಲಿಗೆ ಕಡಲು, ಮತ್ತೊಂದು ಮಗ್ಗುಲಿಗೆ ಹೊಳೆ; ಉಪ್ಪುಗಾಳಿ ಸೋಕದ ವಸ್ತುವೇ ಅಲ್ಲಿಲ್ಲ. ಚೌತಿಯ ಹಬ್ಬಕ್ಕೆ ಮುನ್ನ ಅಲ್ಲಿಯ ಮನೆಯೊಂದಕ್ಕೆ ಹೋಗಿದ್ದಾಗ ವಾಲ್ವುಗಳ ಹಳೆಯ ರೇಡಿಯೋ ಒಂದು ಜಗಲಿಯ ಮೇಲೆ ಒಣಗುತ್ತಿದ್ದುದನ್ನು ಕಂಡೆನು. ಕಾಲೇಜಿನಲ್ಲಿ ಓದುತ್ತಿರುವ ಮೊಮ್ಮಗನು ಹಬ್ಬದ ಉತ್ಸಾಹದಿಂದ ಅದನ್ನು ಸೋಪಿನ ನೀರು ಹಾಗೂ ತೆಂಗಿನ ನಾರಿನಿಂದ ಚೆನ್ನಾಗಿ ತಿಕ್ಕಿದ್ದನು. ಹೊಗೆಯ ಮಸಿಯೆಲ್ಲ ಹೋಗಿತ್ತು. ಅದರೊಡನೆ ಕೇಂದ್ರಗಳ ಹೆಸರುಗಳಿದ್ದ ಗಾಜಿನ ಫಲಕವೂ ಬರಿಯ ಗಾಜಾಗಿತ್ತು. ದಿಲ್ಲಿ, ಮುಂಬಯಿ, ಮದರಾಸು, ಸಿಲೋನ್ ಎಲ್ಲವೂ ಬಚ್ಚಲಿನ ನೀರಿನಲ್ಲಿ ಹರಿದುಹೋಗಿದ್ದವು. ಅಜ್ಜ ಬಯ್ಯಲಿಲ್ಲ, ಗುಂಡಿಯನ್ನು ತಿರುಗಿಸಿ ಮುಳ್ಳು ಸರಿಯುವುದನ್ನು ನೋಡುತ್ತ, “ಇನ್ನು ಇದು ಎಲ್ಲಿ ನಿಂತಿದೆ ಎಂದು ತಿಳಿಯುವುದು ಹೇಗೆ?” ಎಂದಷ್ಟೇ ಕೇಳಿದರು.

ಶ್ರದ್ಧೆಯಿಂದ ದುಡಿದವನು ಮಾಡಿದ ತಪ್ಪು ಇದು. ಆದಕಾರಣವೇ ಇದರ ವಿಚಾರವಾಗಿ ನಾಲ್ಕು ಮಾತು ಬರೆಯಬೇಕೆನಿಸಿತು.

ಡಾಕ್ಟರ್ ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನಲ್ಲಿ ‘ಆಕಾಶವಾಣಿ’ಯನ್ನು ಆರಂಭಿಸಿದುದು 1935ರಲ್ಲಿ, ಧಾರವಾಡದ ಕೇಂದ್ರವು ನುಡಿಯತೊಡಗಿದುದು 1950ರ ಜನವರಿ 8ರಂದು. ಆ ದಶಕಗಳಲ್ಲಿ ಮನೆ ಸೇರಿದ ರೇಡಿಯೋಗಳು ಹಲವೆಡೆ ಸೀಮೆಎಣ್ಣೆಯ ದೀಪದ ಬಳಿ, ಸೌದೆಯ ಒಲೆಯ ಹೊಗೆ ತಲುಪುವ ಕೋಣೆಗಳಲ್ಲಿ ಬಾಳಿದವು. ಇಂದು ಅವು ಅಟ್ಟದಿಂದ ಇಳಿದು ಬರುತ್ತಿವೆ. ಅವನ್ನು ಕುರಿತು ಎರಡು ಅಭಿಪ್ರಾಯಗಳಿವೆ. ಹೊಸದರಂತೆ ಹೊಳೆಯುವವರೆಗೂ ಉಜ್ಜಬೇಕೆಂಬುದು ಒಂದು. ಹಳೆಯ ವಸ್ತುವಿನ ಕೊಳೆಯೇ ಅದರ ಬೆಲೆ, ಮುಟ್ಟಬಾರದೆಂಬುದು ಇನ್ನೊಂದು. ಇವೆರಡನ್ನೂ ಒಪ್ಪಲಾಗದು. ಕೊಳೆಯು ಯಾವುದು, ಅದರ ಕೆಳಗಿರುವ ಮೈ ಯಾವುದು ಎಂಬುದನ್ನು ಮೊದಲು ತಿಳಿದು, ಬಳಿಕ ಕೈಯಿಡಬೇಕೆಂಬುದೇ ನನ್ನ ವಾದ.

ರೇಡಿಯೋವಿನ ಮೇಲಿನ ಕಪ್ಪು ಪೊರೆಯು ಒಂದೇ ವಸ್ತುವಲ್ಲ. ಇಂಧನವು ಅರೆಬರೆಯಾಗಿ ಉರಿದಾಗ ಹುಟ್ಟುವ ಮಸಿಯು ಇಂಗಾಲದ ಅತಿಸೂಕ್ಷ್ಮ ಕಣಗಳಿಂದಾದುದು; ಅದು ನೀರಿನಲ್ಲಾಗಲಿ ಸ್ಪಿರಿಟ್ಟಿನಲ್ಲಾಗಲಿ ಕರಗದು. ಸೌದೆ ಮತ್ತು ಬೀಡಿಯ ಹೊಗೆಯಿಂದ ಬರುವ ಕಂದುಬಣ್ಣದ ಡಾಂಬರಿನಂಥ ಅಂಟು ಎರಡನೆಯದು. ಮೂರನೆಯದು ಅಡುಗೆಯ ಎಣ್ಣೆಯ ಜಿಡ್ಡು. ಅಗಸೆಯೆಣ್ಣೆಯು ಗಾಳಿಯ ಆಮ್ಲಜನಕವನ್ನು ಹೀರಿ ಗಟ್ಟಿಯಾದ ಪೊರೆಯಾಗುತ್ತದೆ. ಕರಾವಳಿಯ ತೆಂಗಿನೆಣ್ಣೆಯು ಹಾಗೆ ಒಣಗುವ ಜಾತಿಯದಲ್ಲ. ವರುಷಗಳು ಕಳೆದರೂ ಅದು ಜಿಡ್ಡಾಗಿಯೇ ಉಳಿದು ಮಸಿಯನ್ನೂ ಧೂಳನ್ನೂ ಹಿಡಿದಿಡುತ್ತದೆ. ನಾಲ್ಕನೆಯದು ಕಡಲಗಾಳಿ ತಂದ ಉಪ್ಪು. ಇವು ನಾಲ್ಕೂ ಬೆರೆತು ದೇವಬಾಗದಂಥ ಊರಿನ ರೇಡಿಯೋವಿನ ಕೊಳೆಯಾಗಿದೆ.

ಈ ಕೊಳೆಯನ್ನು ಒಳಗೆ ಉಳಿಯಗೊಡಬಾರದು. ಅಡುಗೆಯುಪ್ಪು ಸಾಪೇಕ್ಷ ಆರ್ದ್ರತೆಯು ಶೇಕಡಾ 75ನ್ನು ಮೀರಿದೊಡನೆ ಗಾಳಿಯ ತೇವವನ್ನು ಹೀರಿ ತಾನೇ ದ್ರಾವಣವಾಗುತ್ತದೆ. ಕಡಲುಪ್ಪಿನಲ್ಲಿರುವ ಮೆಗ್ನೀಸಿಯಮ್ ಕ್ಲೋರೈಡಿಗೆ ಶೇಕಡಾ 33ರಷ್ಟು ಆರ್ದ್ರತೆಯೇ ಸಾಕು. ಮಳೆಗಾಲದಲ್ಲಿ ಉಪ್ಪು ಬೆರೆತ ಮಸಿಯು ಹೀಗೆ ವಿದ್ಯುದ್ವಾಹಕವಾಗಿ ಪರಿಣಮಿಸುತ್ತದೆ. ಒಂದು ಚಿಕ್ಕ ಲೆಕ್ಕವನ್ನು ನೋಡಿರಿ. ಒಂದು ವಾಲ್ವಿನ ಆನೋಡಿನಲ್ಲಿ 100 ವೋಲ್ಟ್ ಇದೆ. ಮುಂದಿನ ವಾಲ್ವಿನ ಗ್ರಿಡ್ಡಿಗೂ ನೆಲಕ್ಕೂ ನಡುವೆ ಅರ್ಧ ಮೆಗಓಮ್ ರೋಧವಿದೆ. ಆನೋಡಿನಿಂದ ಗ್ರಿಡ್ಡಿಗೆ ಕೊಳೆಯು 10 ಮೆಗಓಮಿನ ಒಂದು ಕಳ್ಳದಾರಿಯನ್ನು ಮಾಡಿತೆನ್ನೋಣ. ಆಗ ಗ್ರಿಡ್ಡಿನ ಮೇಲೆ 100 × 0.5 ÷ 10.5, ಅಂದರೆ ಸುಮಾರು 4.8 ವೋಲ್ಟ್ ಧನ ವಿಭವವು ಬೀಳುತ್ತದೆ. ಆ ಗ್ರಿಡ್ಡಿಗೆ ಇರಬೇಕಾದುದಾದರೋ ಕೆಲವೇ ವೋಲ್ಟುಗಳ ಋಣ ವಿಭವ. ಧ್ವನಿಯು ಒಡೆಯುತ್ತದೆ, ವಾಲ್ವು ಮಿತಿಮೀರಿದ ಪ್ರವಾಹದಿಂದ ಕಾದು ಆಯುಷ್ಯವನ್ನು ಕಳೆದುಕೊಳ್ಳುತ್ತದೆ. ಕೊಳೆಯನ್ನು ಪೂಜ್ಯವೆಂದು ಬಿಡುವವರು ಈ ಲೆಕ್ಕವನ್ನು ಗಮನಿಸಬೇಕು.

ಹಾಗೆಂದು ಸಿಕ್ಕಿದ್ದರಿಂದ ಉಜ್ಜಬಹುದೇ? ಮೈಯನ್ನು ನೋಡಿ ಹೇಳಬೇಕಾದ ಮಾತಿದು. ಲಿಯೋ ಬೇಕ್‌ಲಂಡನು 1907ರಲ್ಲಿ ಸಿದ್ಧಪಡಿಸಿದ ಬೇಕಲೈಟು ಯಾವ ಸಾಧಾರಣ ದ್ರಾವಕದಲ್ಲಿಯೂ ಕರಗದು. ಆದರೆ ಪೆಟ್ಟಿಗೆಯ ಬೇಕಲೈಟಿನಲ್ಲಿ ಮರದ ಹುಡಿ ಬೆರೆತಿದೆ. ಹೊಳೆಯುವುದು ಮೇಲಿನ ತೆಳುವಾದ ರಾಳದ ಪದರ ಮಾತ್ರ. ಬೂದಿಯಿಂದಲೋ ನಾರಿನಿಂದಲೋ ಆ ಪದರವು ಸವೆದರೆ ಒಳಗಿನ ಹುಡಿಯು ತೇವವನ್ನು ಹೀರತೊಡಗುತ್ತದೆ. ಹೋದ ಹೊಳಪು ಮರಳಿ ಬಾರದು. ಬೂದಿಯಲ್ಲಿಯೂ ಬಟ್ಟೆಸೋಡದಲ್ಲಿಯೂ ಇರುವ ಕ್ಷಾರವು ಬೇಕಲೈಟಿಗೆ ಹಗೆ. ಮರದ ಪೆಟ್ಟಿಗೆಗೆ ಅರಗಿನ ಪಾಲಿಷ್ ಇದ್ದರೆ ಸ್ಪಿರಿಟ್ಟು ಕೊಳೆಗಿಂತ ಮೊದಲು ಪಾಲಿಷನ್ನೇ ಕರಗಿಸುತ್ತದೆ. ಪ್ಲಾಸ್ಟಿಕ್ಕಿನ ಗುಂಡಿಗಳು ಪೆಟ್ರೋಲು, ಥಿನ್ನರುಗಳಿಂದ ಬಿರುಕು ಬಿಡಬಲ್ಲವು. ಕೇಂದ್ರಗಳ ಹೆಸರುಗಳನ್ನು ಗಾಜಿನ ಹಿಂಬದಿಗೆ ಬಣ್ಣದಿಂದ ಅಚ್ಚೊತ್ತಿರುತ್ತಾರೆ. ಹಳೆಯದಾದ ಆ ಬಣ್ಣಕ್ಕೂ ಗಾಜಿಗೂ ಇರುವ ನಂಟು ಎಷ್ಟು ಸಡಿಲವೆಂದರೆ ಬರಿಯ ನೀರಿನ ಒದ್ದೆಬಟ್ಟೆಯೂ ಅದನ್ನು ಎಬ್ಬಿಸಬಹುದು. ವಾಲ್ವುಗಳ ಮೇಲಿನ ಸಂಖ್ಯೆಯೂ ಹಾಗೆಯೇ. ಅದನ್ನು ಒರಸಿ ಅಳಿಸಿದವನಿಗೆ ಆ ವಾಲ್ವು ಯಾವುದೆಂದು ಹೇಳುವವರು ಸಿಗುವುದು ಕಷ್ಟ.

ಸರಿಯಾದ ಕ್ರಮವು ಸಾವಧಾನದ ಕ್ರಮ. ಮೊದಲು ಗೋಡೆಯ ಪ್ಲಗ್ಗನ್ನು ಕಿತ್ತಿಡಬೇಕು. ಅದೂ ಸಾಲದು, ಒಳಗಿನ ಕಂಡೆನ್ಸರುಗಳು ಆರಿಸಿದ ಮೇಲೆಯೂ 250-300 ವೋಲ್ಟುಗಳಷ್ಟು ವಿದ್ಯುತ್ತನ್ನು ಹಿಡಿದಿರಬಹುದು. ಅನುಭವಸ್ಥರು ಅದನ್ನು ಬರಿದು ಮಾಡಿ ಅಳೆದು ನೋಡುವ ತನಕ ವಿದ್ಯಾರ್ಥಿಯು ಹಿಂಬದಿಯ ಹಲಗೆಯನ್ನು ತೆಗೆಯಲಾಗದು. ಕೆಲವು ರೇಡಿಯೋಗಳಲ್ಲಿ ಶಾಖ ತಡೆಯಲು ಕಲ್ನಾರಿನ ಹಾಳೆಯಿರುತ್ತದೆ. ಅಂಥ ಬಿಳಿಯ ಹಾಳೆ ಕಂಡರೆ ಮುಟ್ಟದೆ ಮುಚ್ಚಿಡಬೇಕು. ಅನಂತರ ಎಲ್ಲ ಮಗ್ಗುಲುಗಳ ಛಾಯಾಚಿತ್ರಗಳನ್ನೂ ಗಾಜಿನ ಮೇಲಿನ ಪ್ರತಿಯೊಂದು ಅಕ್ಷರದ ಚಿತ್ರವನ್ನೂ ತೆಗೆದುಕೊಳ್ಳಬೇಕು.

ಮುಖಕ್ಕೆ ಮುಸುಕು ಕಟ್ಟಿಕೊಂಡು ಮೃದುವಾದ ಕುಂಚದಿಂದ ಸಡಿಲವಾದ ಮಸಿಯನ್ನು ಎಬ್ಬಿಸಬೇಕು. ಒಣಬಟ್ಟೆಯಿಂದ ಒತ್ತಿ ತಿಕ್ಕಿದರೆ ಮಸಿಯು ರಂಧ್ರಗಳೊಳಕ್ಕೆ ಇಳಿಯುತ್ತದೆ. ಹೊರಮೈಗೆ ಬಟ್ಟಿಯಿಳಿಸಿದ ನೀರಿನಲ್ಲಿ ಒಂದೆರಡು ಹನಿ ಸೌಮ್ಯವಾದ ದ್ರವ ಮಾರ್ಜಕವನ್ನು ಬೆರೆಸಿದರೆ ಸಾಕು. ಮಾರ್ಜಕದ ಅಣುವಿನ ಒಂದು ತುದಿಯು ಜಿಡ್ಡನ್ನು ಹಿಡಿಯುತ್ತದೆ, ಇನ್ನೊಂದು ತುದಿಯು ನೀರನ್ನು ಹಿಡಿಯುತ್ತದೆ. ಕರಗದ ಮಸಿಯು ಹೀಗೆ ಜಿಡ್ಡಿನೊಡನೆ ಮೇಲೆದ್ದು ಬರುತ್ತದೆ. ಹಿಂಡಿದ ಹತ್ತಿಯ ತುಣುಕಿನಿಂದ, ಕಣ್ಣಿಗೆ ಬೀಳದ ಮೂಲೆಯೊಂದರಲ್ಲಿ ಮೊದಲು ಪರೀಕ್ಷಿಸಬೇಕು. ಹತ್ತಿಯ ಮೇಲೆ ಕಪ್ಪು ಬಂದರೆ ಮುಂದುವರಿಯಬಹುದು. ಪೆಟ್ಟಿಗೆಯ ಬಣ್ಣವೇ ಬಂದರೆ ಅಲ್ಲಿಗೆ ನಿಲ್ಲಿಸಬೇಕು. ಕೊನೆಗೆ ಬರಿಯ ಬಟ್ಟಿನೀರಿನ ಹತ್ತಿಯಿಂದ ಮಾರ್ಜಕವನ್ನು ತೆಗೆದು ಒಣಗಿಸಬೇಕು. ಅಕ್ಷರಗಳಿರುವ ಬದಿಯನ್ನು ಕುಂಚದಿಂದ ಹಗುರವಾಗಿ ಸವರುವುದಕ್ಕಿಂತ ಹೆಚ್ಚಿನದನ್ನು ಮಾಡಬಾರದು. ಅಲ್ಲಿ ಸ್ವಲ್ಪ ಕೊಳೆ ಉಳಿದರೆ ಉಳಿಯಲಿ.

ಹೊಗೆಯೂ ಆ ಮನೆಯ ಚರಿತ್ರೆಯಲ್ಲವೇ ಎಂದು ಕೇಳುವವರಿದ್ದಾರೆ. ಪ್ರಶ್ನೆಯು ಉಚಿತವಾದುದೇ. ಪೆಟ್ಟಿಗೆಯ ತಳದಲ್ಲಿ ಅಂಗೈಯಗಲದ ಜಾಗವನ್ನು ಮುಟ್ಟದೆ ಬಿಟ್ಟರೆ ಆ ಚರಿತ್ರೆಗೆ ಸಾಕ್ಷಿಯುಳಿಯುತ್ತದೆ. ವಿದ್ಯುತ್ತು ಹರಿಯುವ ಎಡೆಯಲ್ಲಿ ಮಾತ್ರ ಚರಿತ್ರೆಯ ಹೆಸರಿನಲ್ಲಿ ಉಪ್ಪನ್ನು ಇಡಲಾಗದು. ಕೊಳೆ ಹೋಗಲಿ, ವಯಸ್ಸು ಇರಲಿ. ಸವೆದ ಗುಂಡಿ, ಹಿಂದೆ ದುರಸ್ತಿ ಮಾಡಿದವನು ಪೆನ್ಸಿಲಿನಲ್ಲಿ ಬರೆದಿಟ್ಟ ತಾರೀಖು ಇವು ವಯಸ್ಸಿಗೆ ಸೇರಿದವು.

ನಮ್ಮ ಕಾಲೇಜುಗಳ ಭೌತವಿಜ್ಞಾನದ ಪ್ರಯೋಗಶಾಲೆಗಳಲ್ಲಿ ವರುಷಕ್ಕೊಮ್ಮೆಯಾದರೂ ಇಂಥ ಒಂದು ರೇಡಿಯೋವನ್ನು ಶುದ್ಧಗೊಳಿಸುವ ಪಾಠ ನಡೆಯಬೇಕೆಂದು ನಾನು ಬಯಸುತ್ತೇನೆ. ಮೇಲ್ಮೈ ಎಳೆತ, ದ್ರಾವಣ, ರೋಧ, ಆರ್ದ್ರತೆ ಇವೆಲ್ಲವೂ ಪಠ್ಯದಲ್ಲಿ ಬೇರೆ ಬೇರೆ ಅಧ್ಯಾಯಗಳಾಗಿವೆ. ಆ ಪೆಟ್ಟಿಗೆಯ ಮೇಲೆ ಅವು ಒಂದೇ ಎಡೆಯಲ್ಲಿ ಕೂಡಿವೆ.

ದೇವಬಾಗದ ಆ ಹುಡುಗನು ಮುಂದಿನ ವಾರ ರೇಡಿಯೋವನ್ನು ನಮ್ಮ ಪ್ರಯೋಗಶಾಲೆಗೆ ಹೊತ್ತು ತಂದನು. ಚೆನ್ನಾಗಿ ಒಣಗಿಸಿ, ಒಳಗನ್ನು ಪರೀಕ್ಷಿಸಿದ ಬಳಿಕ, ಸಂಕೇತಜನಕ ಯಂತ್ರದಿಂದ 600, 1000, 1400 ಕಿಲೋಹರ್ಟ್ಸುಗಳ ಅಲೆಗಳನ್ನು ಕೊಟ್ಟು, ಮುಳ್ಳು ನಿಂತ ಎಡೆಗಳನ್ನು ಒಂದು ಕಾಗದದ ಪಟ್ಟಿಯ ಮೇಲೆ ಗುರುತಿಸಿದೆವು. ಆ ಪಟ್ಟಿಯನ್ನು ಗಾಜಿನ ಹಿಂದೆ ಇಟ್ಟಾಗ ಮುಳ್ಳಿಗೆ ಮತ್ತೆ ಊರುದಾರಿ ತಿಳಿಯಿತು. ಮೊದಲಿನ ಅಕ್ಷರಗಳ ಅಚ್ಚು ಮಾತ್ರ ಬರಲಿಲ್ಲ. ಅದರ ಛಾಯಾಚಿತ್ರವನ್ನು ಯಾರೂ ತೆಗೆದಿರಲಿಲ್ಲ.